ಯೋಜನೆಯ ಕಡತಕ್ಕೆ ಇನ್ನೊಂದು ಹಾಳೆ ಸೇರಿಸಿ: ಮಂಜೂರಾತಿ ನೀಡುವವರಿಗೆ ಬಹಿರಂಗ ಪತ್ರ

ಸಾರ್ವಜನಿಕ ಯೋಜನೆಗಳನ್ನು ರೂಪಿಸುವ ಅಧಿಕಾರಿಗಳಿಗೆ, ಅವಕ್ಕೆ ಒಪ್ಪಿಗೆ ಕೊಡುವ ಜನಪ್ರತಿನಿಧಿಗಳಿಗೆ, ಹಣ ನೀಡುವ ದಾನಿ ಸಂಸ್ಥೆಗಳಿಗೆ

ಮಾನ್ಯರೇ,

ಸಾಮಾಜಿಕ ಯೋಜನೆಯೊಂದರ ಪ್ರಸ್ತಾವನೆಯಲ್ಲಿ ಏನೇನಿರುತ್ತದೆ ಎಂಬುದು ನಿಮಗೆ ಬಾಯಿಪಾಠ. ಗುರಿ, ಫಲಾನುಭವಿಗಳ ಸಂಖ್ಯೆ, ಅಂದಾಜು ವೆಚ್ಚ, ಕಾಲಮಿತಿ, ಪ್ರಗತಿ ಅಳೆಯುವ ಸೂಚ್ಯಂಕಗಳು, ಕೊನೆಯಲ್ಲಿ ಒಂದಿಷ್ಟು ಅನುಬಂಧ. ಆದರೆ ಒಂದು ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ: ಹಿಂದಿನ ಯೋಜನೆಗಳನ್ನೆಲ್ಲ ಅರಗಿಸಿಕೊಂಡು ಈ ಸಮಸ್ಯೆ ಇನ್ನೂ ಉಳಿದಿರುವುದು ಯಾವುದರ ಬಲದಿಂದ? ಸಾಮಾನ್ಯವಾಗಿ ಇದಕ್ಕೆ ಸಿಗುವ ಉತ್ತರಗಳು ಎರಡೇ. ಅನುದಾನ ಸಾಲದು, ಅಥವಾ ಜನರಲ್ಲಿ ಜಾಗೃತಿ ಇಲ್ಲ. ಎರಡೂ ಉತ್ತರಗಳು ಹೊಸ ಅನುದಾನ ಕೇಳುವುದಕ್ಕೆ ಅನುಕೂಲ. ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಪ್ರಯೋಜನವಿಲ್ಲ.

ನಮ್ಮ ಬೇಡಿಕೆ ಚಿಕ್ಕದು. ಯಾವುದೇ ದೊಡ್ಡ ಯೋಜನೆಗೆ ಸಹಿ ಹಾಕುವ ಮೊದಲು ಆ ಪ್ರಶ್ನೆಗೆ ಉತ್ತರಿಸುವ ಒಂದು ಹಾಳೆಯನ್ನು, ಅಂದರೆ ಸಮಸ್ಯೆಯನ್ನು ಹಿಡಿದಿಟ್ಟಿರುವ ಕಾರಣಗಳ ನಕ್ಷೆಯೊಂದನ್ನು, ಕಡ್ಡಾಯವಾಗಿ ಕೇಳಿ. ಸಿಸ್ಟಮ್ಸ್ ಥಿಂಕಿಂಗ್ (ಬಿಡಿ ಕಾರಣಗಳ ಬದಲು ಅವುಗಳ ನಡುವಿನ ಕೊಂಡಿಗಳನ್ನು ನೋಡುವ ವಿಧಾನ) ಎಂಬ ಹೆಸರಿನಲ್ಲಿ ಕಾರ್ಯಾಗಾರಗಳು ನಡೆಯುತ್ತವೆ, ಬಣ್ಣದ ಚೀಟಿ ಅಂಟಿಸಿ ಫೋಟೊ ತೆಗೆಸಿಕೊಳ್ಳುವುದೂ ನಡೆಯುತ್ತದೆ. ಅದನ್ನು ನಾವು ಕೇಳುತ್ತಿಲ್ಲ. ಹಾಳೆಯಲ್ಲಿ ಏನಿರಬೇಕು, ಅದನ್ನು ಹೇಗೆ ತಯಾರಿಸಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇವೆ.

ಮೊದಲು ನೇಪಾಳದ ಕಾಲುವೆಗಳ ಪ್ರಸಂಗ. ಅಲ್ಲಿನ ಬೆಟ್ಟದ ಹಳ್ಳಿಗಳಲ್ಲಿ ರೈತರೇ ಕಟ್ಟಿ ನಡೆಸುವ ನೀರಾವರಿ ವ್ಯವಸ್ಥೆಗಳು ತಲೆಮಾರುಗಳಿಂದ ಇವೆ. ಹೊಳೆಗೆ ಕಲ್ಲು, ಮರದ ಕೊಂಬೆ, ಮಣ್ಣು ಹಾಕಿ ಅಡ್ಡಗಟ್ಟೆ ಮಾಡುತ್ತಾರೆ; ಮಳೆಗಾಲದ ನೆರೆಗೆ ಅದು ಕೊಚ್ಚಿಹೋಗುತ್ತದೆ; ಮತ್ತೆ ಕಟ್ಟುತ್ತಾರೆ. ಹೊರಗಿನಿಂದ ನೋಡುವ ಎಂಜಿನಿಯರ್‌ಗೆ ಇದು ಶುದ್ಧ ವ್ಯರ್ಥ ಶ್ರಮ. ಹಾಗಾಗಿ ಹಲವೆಡೆ ಕಾಂಕ್ರೀಟಿನ ಶಾಶ್ವತ ಗಟ್ಟೆ ಕಟ್ಟಿಸಲಾಯಿತು. ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಹೋದ್ಯೋಗಿಗಳು ನೂರಕ್ಕೂ ಹೆಚ್ಚು ವ್ಯವಸ್ಥೆಗಳನ್ನು ಹೋಲಿಸಿ ನೋಡಿದಾಗ ಕಂಡದ್ದು ಬೇರೆ. ಒಟ್ಟಾರೆಯಾಗಿ, ರೈತರೇ ನಡೆಸುತ್ತಿದ್ದ ಒರಟು ಕಾಲುವೆಗಳು ಬಾಲಭಾಗದ, ಅಂದರೆ ಕಾಲುವೆಯ ಕೊನೆಯ, ಹೊಲಗಳಿಗೆ ಹೆಚ್ಚು ನೀರು ಮುಟ್ಟಿಸುತ್ತಿದ್ದವು. ಇಲಾಖೆ ನಡೆಸುತ್ತಿದ್ದ ಆಧುನಿಕ ಗಟ್ಟೆಯ ಕಾಲುವೆಗಳು ಹಿಂದೆ ಬಿದ್ದಿದ್ದವು.

ಕಾರಣ ಕಾಂಕ್ರೀಟಿನ ಗುಣಮಟ್ಟದಲ್ಲಿರಲಿಲ್ಲ. ಪ್ರತಿವರ್ಷ ಗಟ್ಟೆ ಕಟ್ಟಲು ಊರಿನ ಎಲ್ಲರ ಕೂಲಿ ಬೇಕಿತ್ತು. ಕಾಲುವೆಯ ತಲೆಯ ಹತ್ತಿರ ಹೊಲವಿದ್ದವರಿಗೆ ಬಾಲಭಾಗದವರ ದುಡಿಮೆ ಇಲ್ಲದೆ ಗತಿಯಿರಲಿಲ್ಲ. ಆ ಅವಲಂಬನೆಯೇ ಬಾಲಭಾಗದವರ ಚೌಕಾಸಿಯ ಶಕ್ತಿಯಾಗಿತ್ತು: ನೀರು ಕೊಟ್ಟರೆ ಬರುತ್ತೇವೆ, ಇಲ್ಲದಿದ್ದರೆ ಇಲ್ಲ. ಶಾಶ್ವತ ಗಟ್ಟೆ ಬಂದ ಮೇಲೆ ಮೇಲಿನವರಿಗೆ ಕೆಳಗಿನವರು ಬೇಡವಾದರು. ಯೋಜನೆಯ ಲಾಭ-ವೆಚ್ಚದ ಲೆಕ್ಕದಲ್ಲಿ ‘ಉಳಿತಾಯವಾದ ಶ್ರಮ’ ಲಾಭವಾಗಿ ಕಾಣುತ್ತದೆ. ಆ ಶ್ರಮವೇ ನೀರಿನ ಹಂಚಿಕೆಯನ್ನು ಹಿಡಿದಿಟ್ಟಿದ್ದ ಕೊಂಡಿ ಎಂಬುದಕ್ಕೆ ಅಲ್ಲಿ ಕಾಲಮ್ಮೇ ಇರುವುದಿಲ್ಲ. ನಾವು ಕೇಳುತ್ತಿರುವ ಹಾಳೆ ಆ ಕಾಲಮ್ಮು. ‘ಇಲ್ಲಿ ಯಾರಿಗೆ ಯಾರು ಬೇಕು, ಯೋಜನೆ ಬಂದ ಮೇಲೆ ಯಾರಿಗೆ ಯಾರು ಬೇಡವಾಗುತ್ತಾರೆ’ ಎಂದು ಒಬ್ಬರು ಕೇಳಿದ್ದರೂ ಗಟ್ಟೆಯ ಜೊತೆಗೆ ನೀರಿನ ಪಾಳಿಯ ಒಪ್ಪಂದವೂ ಬರೆಯಲ್ಪಡುತ್ತಿತ್ತು.

ಹಾಳೆಯ ಮೊದಲ ಭಾಗದಲ್ಲಿ ಇರಬೇಕಾದದ್ದು ಸಂಗ್ರಹ ಮತ್ತು ಹರಿವು. ಜಲಾಶಯದ ಮಟ್ಟ ಒಳಹರಿವು-ಹೊರಹರಿವುಗಳ ವ್ಯತ್ಯಾಸದಿಂದ ಬದಲಾಗುತ್ತದೆ ಎಂಬುದು ಯಾರಿಗೂ ಹೊಸದಲ್ಲ. ಆದರೆ ನಿರುದ್ಯೋಗಿಗಳು, ಬಾಕಿ ಪ್ರಕರಣಗಳು, ಶಾಲೆ ಬಿಟ್ಟ ಮಕ್ಕಳು, ವಸತಿಹೀನರು ಎಂದ ಕೂಡಲೇ ನಾವು ಮಟ್ಟವನ್ನು ಮಾತ್ರ ನೋಡುತ್ತೇವೆ. ನ್ಯಾಯಾಲಯದಲ್ಲಿ ಕಳೆದ ವರ್ಷಕ್ಕಿಂತ ಹೆಚ್ಚು ಪ್ರಕರಣ ಇತ್ಯರ್ಥವಾದವು ಎಂಬುದು ಸುದ್ದಿಯಾಗುತ್ತದೆ; ಅದೇ ವರ್ಷ ದಾಖಲಾದ ಹೊಸ ಪ್ರಕರಣಗಳು ಅದಕ್ಕಿಂತ ಹೆಚ್ಚಿದ್ದರೆ ಬಾಕಿ ಏರಿಯೇ ಇರುತ್ತದೆ.

ಆಸ್ಪತ್ರೆಯ ಹಾಸಿಗೆಗಳನ್ನು ತೆಗೆದುಕೊಳ್ಳಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ತೀರ ಸರಳ: ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಬರುವ ವೇಗವನ್ನು ಉಳಿಯುವ ಅವಧಿಯಿಂದ ಗುಣಿಸಿದಷ್ಟು. ದಿನಕ್ಕೆ 40 ಮಂದಿ ದಾಖಲಾಗಿ ಸರಾಸರಿ 5 ದಿನ ಉಳಿದರೆ 200 ಹಾಸಿಗೆ ತುಂಬಿರುತ್ತವೆ. ಉಳಿಯುವ ಅವಧಿ ಅರ್ಧ ದಿನ ಇಳಿದರೆ 180 ಸಾಕು. ಅಂದರೆ ಇಪ್ಪತ್ತು ಹಾಸಿಗೆಯ ಹೊಸ ವಾರ್ಡು ಕಟ್ಟುವುದೂ ಬಿಡುಗಡೆಯನ್ನು ಅರ್ಧ ದಿನ ಬೇಗ ಮಾಡುವುದೂ ಲೆಕ್ಕದಲ್ಲಿ ಒಂದೇ. ಆ ಅರ್ಧ ದಿನ ಎಲ್ಲಿ ಕಳೆದುಹೋಗುತ್ತದೆ ಎಂದು ಹುಡುಕಿದರೆ ಸಿಗುವುದು ಬಹಳ ಸಣ್ಣ ಸಂಗತಿಗಳು: ಸಂಜೆ ಬರುವ ಪ್ರಯೋಗಾಲಯದ ವರದಿ, ರೌಂಡ್ಸ್ ಮುಗಿದ ಮೇಲೆ ಟೈಪ್ ಆಗುವ ಬಿಡುಗಡೆ ಪತ್ರ, ಮನೆಗೆ ಕರೆದೊಯ್ಯಲು ವಾಹನವಿಲ್ಲದಿರುವುದು, ಮನೆಯಲ್ಲಿ ಆರೈಕೆಗೆ ಯಾರೂ ಇಲ್ಲದಿರುವುದು. ವಾರ್ಡಿಗೆ ಶಂಕುಸ್ಥಾಪನೆ ಮಾಡಬಹುದು. ಬಿಡುಗಡೆ ಪತ್ರ ಬೆಳಿಗ್ಗೆಯೇ ಟೈಪ್ ಆಗುವುದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಇನ್ನೊಂದು ಅಂಕಿಯೂ ಇಲ್ಲೇ ಬರಲಿ, ಏಕೆಂದರೆ ‘ಪೂರ್ಣ ಸಾಮರ್ಥ್ಯದ ಬಳಕೆ’ ಎಂಬುದನ್ನು ಲೆಕ್ಕಪರಿಶೋಧನೆ ಹೊಗಳುವುದನ್ನು ನಾವು ಪದೇ ಪದೇ ನೋಡುತ್ತೇವೆ. ಒಂದೇ ಕೌಂಟರ್ ಇದ್ದು, ಜನ ಬರುವುದೂ ಪ್ರತಿಯೊಬ್ಬರಿಗೆ ತಗಲುವ ಸಮಯವೂ ಅನಿಶ್ಚಿತವಾಗಿದ್ದಾಗ, ಕೌಂಟರ್ ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಅಲ್ಲಿ ಸರಾಸರಿ 4 ಜನ ಇರುತ್ತಾರೆ. ಶೇ 90ಕ್ಕೆ ಏರಿದರೆ 9 ಜನ, ಶೇ 95ಕ್ಕೆ 19 ಜನ. ಬಿಡುವಿನ ಹೊತ್ತು ಶೂನ್ಯಕ್ಕೆ ಹತ್ತಿರವಾದಂತೆ ಸರದಿ ಮಿತಿಯಿಲ್ಲದೆ ಬೆಳೆಯುತ್ತದೆ. ಸಿಬ್ಬಂದಿಗೆ ಬಿಡುವೇ ಇಲ್ಲದ ಕಚೇರಿಯನ್ನು ದಕ್ಷ ಎಂದು ಕರೆದು, ಅದರ ಮುಂದಿನ ಸಾಲಿಗೆ ಸಿಬ್ಬಂದಿಯನ್ನೇ ದೂರುವುದು ಒಂದೇ ಕಚೇರಿಯ ಎರಡು ವರದಿಗಳಲ್ಲಿ ಕಾಣಸಿಗುತ್ತದೆ.

ಹರಿವನ್ನು ನೋಡಿ ನೀತಿ ಬದಲಿಸಿದ್ದಕ್ಕೆ ಫಿನ್ಲೆಂಡ್ ಒಳ್ಳೆಯ ನಿದರ್ಶನ. ಅಲ್ಲಿ ವಸತಿಹೀನರಿಗೆ ಮೊದಲು ತಂಗುದಾಣ, ನಂತರ ಮದ್ಯ ಬಿಟ್ಟರೆ ತಾತ್ಕಾಲಿಕ ಕೋಣೆ, ಆಮೇಲೆ ಅರ್ಹತೆ ಸಾಬೀತಾದರೆ ಮನೆ ಎಂಬ ಮೆಟ್ಟಿಲುಗಳಿದ್ದವು. ಪ್ರತಿ ಮೆಟ್ಟಿಲಲ್ಲೂ ಕೆಲವರು ಜಾರಿ ಮೊದಲಿನ ಜಾಗಕ್ಕೇ ಮರಳುತ್ತಿದ್ದರು. ತಂಗುದಾಣಗಳು ತುಂಬಿದ್ದವು, ಅಲ್ಲಿಂದ ಹೊರಹರಿವು ಮಾತ್ರ ಸಣ್ಣದು. 2008ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಕ್ರಮವನ್ನೇ ತಲೆಕೆಳಗು ಮಾಡಿತು: ಮೊದಲು ಬಾಡಿಗೆ ಕರಾರಿನೊಂದಿಗೆ ಸ್ವಂತ ಬೀಗದ ಮನೆ, ಚಿಕಿತ್ಸೆ ಮತ್ತು ನೆರವು ಆ ಮನೆಗೇ. ಹಳೆಯ ತಂಗುದಾಣಗಳನ್ನು ಫ್ಲ್ಯಾಟುಗಳಾಗಿ ಪರಿವರ್ತಿಸಿದರು. 2022ರ ಹೊತ್ತಿಗೆ ಇಡೀ ದೇಶದಲ್ಲಿ ವಸತಿಹೀನರ ಸಂಖ್ಯೆ 4,000ಕ್ಕಿಂತ ಕೆಳಗಿತ್ತು. ಇದರಲ್ಲಿ ಗಮನಿಸಬೇಕಾದದ್ದು, ಕೈಗೆಟಕುವ ಮನೆಗಳನ್ನು ಕಟ್ಟುವ ಕೆಲಸ ಜೊತೆಜೊತೆಗೇ ನಡೆಯಿತು ಎಂಬುದು. ಅದಿಲ್ಲದೆ ‘ಮೊದಲು ಮನೆ’ ಎಂಬ ಘೋಷಣೆಯನ್ನಷ್ಟೇ ಎರವಲು ತಂದರೆ ಸಾಲು ತಂಗುದಾಣದಿಂದ ಹಂಚಿಕೆ ಕಚೇರಿಗೆ ಸ್ಥಳಾಂತರವಾಗುತ್ತದೆ, ಅಷ್ಟೇ.

ಹಾಳೆಯ ಎರಡನೆಯ ಭಾಗ ಸುತ್ತುಗಳದು. ಒಂದು ಕಾರಣದ ಪರಿಣಾಮ ತಿರುಗಿ ಅದೇ ಕಾರಣವನ್ನು ಮುಟ್ಟಿದರೆ ಅದು ಸುತ್ತು, ಫೀಡ್‌ಬ್ಯಾಕ್. ಪಂಜಾಬಿನ ನೀರು, ಭತ್ತ, ಹೊಗೆಯ ಸರಪಳಿಗಿಂತ ಸ್ಪಷ್ಟವಾದ ಉದಾಹರಣೆ ನಮಗೆ ಗೊತ್ತಿಲ್ಲ. ಭತ್ತಕ್ಕೆ ಬೆಂಬಲ ಬೆಲೆಯಲ್ಲಿ ಖಚಿತ ಖರೀದಿ ಇದೆ, ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇದೆ. ಹಾಗಾಗಿ ರೈತ ಭತ್ತ ಬೆಳೆಯುತ್ತಾನೆ, ಅಂತರ್ಜಲ ಇಳಿಯುತ್ತದೆ. ಇಳಿದಷ್ಟೂ ಆಳದ ಕೊಳವೆಬಾವಿ, ಹೆಚ್ಚಿನ ಅಶ್ವಶಕ್ತಿಯ ಪಂಪು. ಅದಕ್ಕೆ ಸಾಲ ಮಾಡಿದವನಿಗೆ ಖಚಿತ ಖರೀದಿಯ ಬೆಳೆ ಬಿಟ್ಟು ಬೇರೆಯದಕ್ಕೆ ಹೋಗುವ ಧೈರ್ಯ ಇನ್ನೂ ಕಡಿಮೆ. ಅಲ್ಲಿಗೆ ಮೊದಲ ಸುತ್ತು ಕೂಡಿತು.

ಇದನ್ನು ತಡೆಯಲು 2009ರಲ್ಲಿ ಅಂತರ್ಜಲ ಸಂರಕ್ಷಣೆಯ ಕಾಯ್ದೆ ಬಂತು. ಆಗ ಅದರ ಪ್ರಕಾರ ಮೇ 10ಕ್ಕೆ ಮೊದಲು ಸಸಿಮಡಿ ಹಾಕುವಂತಿರಲಿಲ್ಲ, ಜೂನ್ 10ಕ್ಕೆ ಮೊದಲು ನಾಟಿ ಮಾಡುವಂತಿರಲಿಲ್ಲ. ಉದ್ದೇಶ ಸರಿಯಾದದ್ದೇ: ಕಡುಬೇಸಿಗೆಯಲ್ಲಿ ನಿಲ್ಲಿಸಿದ ನೀರು ಆವಿಯಾಗುವುದನ್ನು ತಪ್ಪಿಸಿ, ನಾಟಿಯನ್ನು ಮುಂಗಾರಿನ ಹತ್ತಿರಕ್ಕೆ ತರುವುದು. ಆದರೆ ನಾಟಿ ಮುಂದಕ್ಕೆ ಹೋದರೆ ಕೊಯ್ಲೂ ಮುಂದಕ್ಕೆ ಹೋಗಬೇಕು. ಗೋಧಿ ಬಿತ್ತನೆ ಮಾತ್ರ ನವೆಂಬರ್ ಮೊದಲಾರ್ಧ ದಾಟಿದರೆ ಇಳುವರಿ ಕುಸಿಯುತ್ತದೆ, ಆ ದಿನಾಂಕ ಯಾರ ಕಾಯ್ದೆಗೂ ಬಗ್ಗುವುದಿಲ್ಲ. ಹೀಗಾಗಿ ಎರಡು ಬೆಳೆಗಳ ನಡುವಿನ ಬಿಡುವು ಎರಡು-ಮೂರು ವಾರಕ್ಕೆ ಇಳಿಯಿತು. ಕಂಬೈನ್ ಯಂತ್ರ ಕೊಯ್ದುಬಿಟ್ಟ ಕೂಳೆಯನ್ನು ಅಷ್ಟರೊಳಗೆ ತೆಗೆಯಲು ಅತಿ ಅಗ್ಗದ ಉಪಾಯ ಬೆಂಕಿ. ಬೆಂಕಿಗಳು ಅಕ್ಟೋಬರ್ ಕೊನೆ, ನವೆಂಬರ್ ಆರಂಭದ ಕೆಲವೇ ದಿನಗಳಲ್ಲಿ ಒಟ್ಟಾದವು. ಆ ಹೊತ್ತಿಗೆ ಗಾಳಿ ನಿಧಾನ, ತಂಪು ಗಾಳಿಯ ಪದರ ನೆಲಕ್ಕೆ ಅಂಟಿಕೊಂಡಿರುತ್ತದೆ. ಹೊಗೆ ಮೇಲೇರದೆ ದೆಹಲಿಯವರೆಗೂ ಕವಿಯುತ್ತದೆ. ನೀರು ಉಳಿಸುವ ಕಾನೂನು ಹೊಗೆಯ ಕ್ಯಾಲೆಂಡರನ್ನು ಬದಲಿಸಿತು. ಹೊಗೆ ಅದಕ್ಕೂ ಮೊದಲೇ ಇತ್ತು ಎಂಬುದೂ ನಿಜ, ಕಾಯ್ದೆಯೊಂದನ್ನೇ ದೂಷಿಸುವುದು ಇನ್ನೊಂದು ಬಗೆಯ ಏಕಕಾರಣ ವಾದವಾಗುತ್ತದೆ.

ಮುಂದಿನ ಹೆಜ್ಜೆಯನ್ನೂ ನೋಡಿ. 2018ರಿಂದ ಕೂಳೆ ನಿರ್ವಹಣೆಯ ಯಂತ್ರಗಳಿಗೆ ಕೇಂದ್ರದ ಸಹಾಯಧನ ಬಂತು: ಒಬ್ಬ ರೈತನಿಗೆ ಶೇ 50, ರೈತರ ಗುಂಪುಗಳಿಗೆ ಶೇ 80. ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್ ನಿಜಕ್ಕೂ ಕೆಲಸ ಮಾಡುವ ಯಂತ್ರ. ಆದರೆ ವರ್ಷದಲ್ಲಿ ಮೂರು ವಾರ ಮಾತ್ರ ಬಳಕೆಯಾಗುವ ಅದು ಎಲ್ಲರಿಗೂ ಅದೇ ಮೂರು ವಾರದಲ್ಲೇ ಬೇಕು. ಹತ್ತು ಮಂದಿ ಹಂಚಿಕೊಂಡರೆ ಹತ್ತನೆಯವನ ಸರದಿ ಬರುವಷ್ಟರಲ್ಲಿ ಬಿತ್ತನೆಯ ಹದ ಮೀರಿರುತ್ತದೆ. ಇಲ್ಲಿ ಬಿಗಿಯಾಗಿರುವುದು ದಿನಗಳು. ದಿನಗಳನ್ನು ಹಿಗ್ಗಿಸುವ ಒಂದು ದಾರಿ ಬೇಗ ಮಾಗುವ ತಳಿ: ಭತ್ತದ ಪಿಆರ್ 126 ತಳಿ, ನಿಧಾನವಾಗಿ ಮಾಗುವ ಪೂಸಾ 44 ತಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೊಯ್ಲಿಗೆ ಬರುತ್ತದೆ, ನೀರೂ ಕಡಿಮೆ ಸಾಕು. ಯಂತ್ರದ ಸಹಾಯಧನಕ್ಕೂ ಕೂಳೆ ಸುಟ್ಟವರಿಗೆ ಹಾಕುವ ದಂಡಕ್ಕೂ ಹೋಲಿಸಿದರೆ ತಳಿಯ ಆಯ್ಕೆ ಸುತ್ತಿನ ಹೆಚ್ಚು ಬಿಗಿಯಾದ ಗಂಟನ್ನು ಮುಟ್ಟುತ್ತದೆ. ವಿದ್ಯುತ್, ಕೃಷಿ, ಖರೀದಿ, ಮಾಲಿನ್ಯ ನಿಯಂತ್ರಣ ಎಂದು ನಾಲ್ಕು ಕಡೆ ಹಂಚಿಹೋದ ಕಡತಗಳಲ್ಲಿ ಈ ಗಂಟು ಯಾರಿಗೂ ಪೂರ್ತಿ ಕಾಣುವುದಿಲ್ಲ. ಒಂದೇ ಹಾಳೆಯ ಮೇಲೆ ಬರೆದಾಗ ಮಾತ್ರ ಕಾಣುತ್ತದೆ.

ಮೂರನೆಯದು ವಿಳಂಬ. ಇದನ್ನು ಎಲ್ಲರೂ ಬಾಯಲ್ಲಿ ಒಪ್ಪುತ್ತಾರೆ, ಲೆಕ್ಕದಲ್ಲಿ ಮರೆಯುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ ಅವರ ಬಳಗ ರೂಪಿಸಿದ ಒಂದು ಆಟವಿದೆ, ಬಿಯರ್ ಆಟ ಎಂದೇ ಅದರ ಹೆಸರು. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂಬ ನಾಲ್ಕು ಪಾತ್ರ. ಗ್ರಾಹಕರ ಬೇಡಿಕೆ ವಾರಕ್ಕೆ 4 ಪೆಟ್ಟಿಗೆ ಇದ್ದದ್ದು ಐದನೇ ವಾರದಲ್ಲಿ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಅಷ್ಟೇ ಬದಲಾವಣೆ. ಆದರೂ ಆಡಿದವರ ಆರ್ಡರುಗಳು ಗಗನಕ್ಕೇರಿ, ನಂತರ ಶೂನ್ಯಕ್ಕೆ ಬಿದ್ದು, ಒಟ್ಟು ವೆಚ್ಚ ಸಾಧ್ಯವಿದ್ದ ಕನಿಷ್ಠದ ಸುಮಾರು ಹತ್ತು ಪಟ್ಟಾಗುವುದು ಸಾಮಾನ್ಯ. ಆಡುವವರು ದಡ್ಡರೇನಲ್ಲ. ಆರ್ಡರ್ ಮಾಡಿದ್ದರೂ ಇನ್ನೂ ಕೈಸೇರದ ಸರಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತಪ್ಪು ಅಷ್ಟೇ.

ಇದೇ ತಪ್ಪು ಔಷಧ ಉಗ್ರಾಣದಲ್ಲಿ ಹೇಗೆ ನಡೆಯುತ್ತದೆ ನೋಡಿ. ಮಾತ್ರೆಯೊಂದರ ಬಳಕೆ ವಾರಕ್ಕೆ 100 ಡಬ್ಬಿ, ಇಂಡೆಂಟ್ (ಬೇಡಿಕೆ ಪತ್ರ) ಹಾಕಿದ ಮೇಲೆ ಬರಲು 6 ವಾರ, ಎರಡು ವಾರದ ದಾಸ್ತಾನು ಕೈಯಲ್ಲಿರಬೇಕು ಎಂದಿಟ್ಟುಕೊಳ್ಳಿ. ಕೈಯಲ್ಲಿ 200, ದಾರಿಯಲ್ಲಿ 600, ಒಟ್ಟು 800. ಬಳಕೆ 120ಕ್ಕೆ ಏರಿತು. ಈಗ ಬೇಕಾದ ಒಟ್ಟು 960. ಅಂದರೆ ಆ ವಾರ 120ರ ಜೊತೆಗೆ ಒಮ್ಮೆ ಮಾತ್ರ 160 ಹೆಚ್ಚುವರಿ ತರಿಸಿ, ಆಮೇಲೆ ವಾರಕ್ಕೆ 120 ತರಿಸುತ್ತಾ ಹೋದರೆ ಸಾಕು. ಆದರೆ ಉಗ್ರಾಣದವರು ಕೈಯಲ್ಲಿರುವುದನ್ನು ಮಾತ್ರ ನೋಡಿದರೆ? ದಾಸ್ತಾನು ವಾರವಾರವೂ 20ರಂತೆ ಇಳಿಯುತ್ತದೆ; ಇರಬೇಕಾದ 240ಕ್ಕೆ ಕೊರತೆ 60, 80, 100, 120, 140, 160 ಎಂದು ಬೆಳೆಯುತ್ತದೆ; ಪ್ರತಿ ವಾರವೂ ಆ ಕೊರತೆಯಷ್ಟು ಹೆಚ್ಚುವರಿ ಇಂಡೆಂಟ್ ಹೋಗುತ್ತದೆ. ಆರು ವಾರದಲ್ಲಿ ಹೆಚ್ಚುವರಿಯಾಗಿ ಕೇಳಿದ್ದು 660, ಬೇಕಿದ್ದದ್ದು 160. ಎಲ್ಲವೂ ಒಂದರ ಹಿಂದೊಂದು ಬಂದಿಳಿದಾಗ ಜಾಗವಿಲ್ಲ, ಅವಧಿ ಮೀರುತ್ತದೆ, ತನಿಖೆಯಾಗುತ್ತದೆ, ಮುಂದಿನ ಇಂಡೆಂಟ್ ತಡೆಹಿಡಿಯಲಾಗುತ್ತದೆ, ಮತ್ತೆ ಕೊರತೆ. ಇಂಡೆಂಟ್ ಫಾರಂನಲ್ಲಿ ‘ಈಗಾಗಲೇ ಕೇಳಿರುವುದು, ಇನ್ನೂ ಬಂದಿಲ್ಲದ್ದು’ ಎಂಬ ಒಂದು ಅಂಕಣ ಸೇರಿಸುವುದು ಇದಕ್ಕೆ ಮದ್ದು. ಶಿಸ್ತುಕ್ರಮದಿಂದ ಇದು ಸರಿಹೋಗುವುದಿಲ್ಲ. ಶಿಕ್ಷಕರ ನೇಮಕಾತಿ, ತಜ್ಞವೈದ್ಯರ ಸೀಟು, ವಸತಿ ನಿರ್ಮಾಣದಲ್ಲೂ ಇದೇ ಏರಿಳಿತ. ಅಲ್ಲಿ ವಾರಗಳ ಬದಲು ವರ್ಷಗಳು.

ಇನ್ನು ಜನ ಪ್ರತಿಕ್ರಿಯಿಸುತ್ತಾರೆ ಎಂಬ ವಿಷಯ. 1902ರಲ್ಲಿ ಹನೋಯಿ ನಗರದಲ್ಲಿ ಪ್ಲೇಗಿನ ಭಯಕ್ಕೆ ಫ್ರೆಂಚ್ ವಸಾಹತು ಆಡಳಿತ ಇಲಿಯ ಬಾಲಕ್ಕೆ ಬಹುಮಾನ ಘೋಷಿಸಿತು. ಬಾಲಗಳು ರಾಶಿರಾಶಿ ಬಂದವು. ಬಾಲವಿಲ್ಲದ ಇಲಿಗಳು ಬೀದಿಯಲ್ಲಿ ಓಡಾಡತೊಡಗಿದವು, ಊರ ಹೊರಗೆ ಇಲಿ ಸಾಕಣೆಯೂ ಶುರುವಾಯಿತು. ಇದನ್ನು ಹೇಳಿ ನಗುವುದು ಸುಲಭ. ದಾಖಲಾತಿ ಸಂಖ್ಯೆಗೆ ಅನುದಾನ ಕಟ್ಟಿದಾಗ ಹಾಜರಿ ಪುಸ್ತಕ ತುಂಬುವುದೂ, ಅಪರಾಧ ಪ್ರಮಾಣಕ್ಕೆ ಬಡ್ತಿ ಕಟ್ಟಿದಾಗ ದೂರು ದಾಖಲಾಗದಿರುವುದೂ ಅದೇ ಬಾಲಗಳು.

ಕೆಟ್ಟ ಉದ್ದೇಶ ಇಲ್ಲದೆಯೂ ಪ್ರತಿಕ್ರಿಯೆ ಬರುತ್ತದೆ. ಜಾನುವಾರುಗಳ ನೋವಿಗೆ ಕೊಡುವ ಡೈಕ್ಲೊಫೆನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆ ಎಂಬುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಪಶುವೈದ್ಯಕೀಯ ಬಳಕೆಗೆ ನಿಷೇಧ ಹೇರಿದವು. ಆದರೆ ಮನುಷ್ಯರಿಗೆಂದು ಮಾರುವ 30 ಮಿಲಿಲೀಟರಿನ ಬಾಟಲಿ ಒಂದು ದನಕ್ಕೆ ಹೇಳಿಮಾಡಿಸಿದ ಪ್ರಮಾಣ. ಅದು ಕೊಟ್ಟಿಗೆಗೆ ಹೋಯಿತು. ಭಾರತದಲ್ಲಿ ಅದನ್ನು 3 ಮಿಲಿಲೀಟರಿಗೆ ಇಳಿಸಿದ್ದು 2015ರಲ್ಲಿ. ಅಷ್ಟರಲ್ಲಿ ಬದಲಿ ಔಷಧಗಳು ಬಂದಿದ್ದವು: ದನದ ದೇಹದಲ್ಲಿ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುವ ಅಸೆಕ್ಲೊಫೆನಾಕ್, ಹದ್ದುಗಳಿಗೆ ತಾನೂ ವಿಷವಾದ ಕೀಟೊಪ್ರೊಫೆನ್. ಅವೆರಡರ ನಿಷೇಧ 2023ರಲ್ಲಿ. ಹದ್ದಿಗೆ ಅಪಾಯವಿಲ್ಲದ ಮೆಲೊಕ್ಸಿಕಾಮ್ ಇದ್ದೇ ಇತ್ತು. ‘ಇದನ್ನು ನಿಷೇಧಿಸಿದರೆ ನಾಳೆ ಬೆಳಿಗ್ಗೆ ಪಶುಪಾಲಕ ಅಂಗಡಿಯಲ್ಲಿ ಏನು ಕೇಳುತ್ತಾನೆ, ಅಂಗಡಿಯವನು ಏನು ಕೊಡುತ್ತಾನೆ’ ಎಂದು 2006ರಲ್ಲೇ ಕೂತು ಬರೆದಿದ್ದರೆ ಬಾಟಲಿಯ ಗಾತ್ರವಾದರೂ ಒಂಬತ್ತು ವರ್ಷ ಕಾಯುತ್ತಿರಲಿಲ್ಲ. ಹಾಳೆಯ ಕೆಳಭಾಗದಲ್ಲಿ ಈ ಪ್ರಶ್ನೆಗೆ ಖಾಲಿ ಜಾಗ ಬಿಡಿ: ಈ ಕ್ರಮಕ್ಕೆ ಪ್ರತಿಯಾಗಿ ಯಾರು, ಎಷ್ಟು ದಿನದೊಳಗೆ, ಏನು ಮಾಡುತ್ತಾರೆ?

ಇನ್ನು ತಯಾರಿಯ ವಿಧಾನ. ಎರಡು ದಿನ, 8ರಿಂದ 12 ಜನ, ಒಂದು ದೊಡ್ಡ ಗೋಡೆ ಸಾಕು. ಸಾಫ್ಟ್‌ವೇರ್ ಮೊದಲ ದಿನ ಬೇಡವೇ ಬೇಡ. ಅರ್ಧದಷ್ಟು ಜನ ಸಮಸ್ಯೆಯ ನಡುವೆ ದಿನವೂ ಕೆಲಸ ಮಾಡುವವರು ಅಥವಾ ಅದನ್ನು ಅನುಭವಿಸುವವರು ಆಗಿರಲಿ: ದಾದಿ, ಗುಮಾಸ್ತ, ಕಾಲುವೆಯ ನೀರುಗಂಟಿ, ಬಾಲಭಾಗದ ರೈತ. ಮೊದಲ ಕೆಲಸ ಕಾರಣ ಹುಡುಕುವುದಲ್ಲ. ಸಮಸ್ಯೆಯ ರೇಖೆ ಎಳೆಯುವುದು. ಅಡ್ಡಕ್ಕೆ ಇಪ್ಪತ್ತು ವರ್ಷ, ಲಂಬಕ್ಕೆ ಸಮಸ್ಯೆಯ ಪ್ರಮಾಣ. ಏರುತ್ತಿದೆಯೇ, ಏರಿಳಿಯುತ್ತಿದೆಯೇ, ಒಂದು ಮಟ್ಟಕ್ಕೆ ಬಂದು ನಿಂತಿದೆಯೇ? ಹಿಂದಿನ ಪ್ರತಿ ಯೋಜನೆ ಯಾವ ವರ್ಷ ಬಂತು ಎಂದು ಅದರ ಮೇಲೆ ಗುರುತು ಹಾಕಿ. ಯೋಜನೆಗಳ ನಂತರವೂ ರೇಖೆ ಹಳೆಯ ಮಟ್ಟಕ್ಕೇ ಮರಳಿದ್ದರೆ, ಅದನ್ನು ಎಳೆದು ತರುತ್ತಿರುವ ಯಾವುದೋ ತಡೆಯುವ ಸುತ್ತು ಇದೆ ಎಂದರ್ಥ. ಏರುವ ವೇಗವೇ ಏರುತ್ತಿದ್ದರೆ ಬೆಳೆಸುವ ಸುತ್ತು.

ಆಮೇಲೆ ಚೀಟಿಗಳು. ಪ್ರತಿ ಚೀಟಿಯ ಮೇಲೆ ಹೆಚ್ಚು-ಕಡಿಮೆ ಆಗಬಲ್ಲ ಒಂದು ಪ್ರಮಾಣ ಮಾತ್ರ. ‘ಭ್ರಷ್ಟಾಚಾರ’, ‘ಇಚ್ಛಾಶಕ್ತಿಯ ಕೊರತೆ’ ಎಂದು ಬರೆದರೆ ಹಿಂದಿರುಗಿಸಿ. ‘ಬಾಲಭಾಗಕ್ಕೆ ನೀರು ಬಂದ ದಿನಗಳು’, ‘ಅರ್ಜಿ ಇತ್ಯರ್ಥಕ್ಕೆ ಹಿಡಿದ ವಾರಗಳು’ ಎಂದಿರಲಿ. ‘ತರಬೇತಿ ಕೇಂದ್ರದ ಕೊರತೆ’ ಎಂಬ ಚೀಟಿ ಬಂದರೆ ಜಾಗರೂಕರಾಗಿ, ಅದು ಕಾರಣದ ವೇಷ ಹಾಕಿದ ಪರಿಹಾರ. ಯಾರದೋ ಪ್ರಸ್ತಾವನೆ ಆಗಲೇ ಸಿದ್ಧವಾಗಿದೆ. ಚೀಟಿಗಳ ನಡುವೆ ಬಾಣ ಎಳೆಯುವಾಗ, ಎರಡೂ ಒಂದೇ ದಿಕ್ಕಿಗೆ ಬದಲಾದರೆ ಕೂಡುವ ಚಿಹ್ನೆ, ವಿರುದ್ಧ ದಿಕ್ಕಿಗಾದರೆ ಕಳೆಯುವ ಚಿಹ್ನೆ. ಪರಿಣಾಮ ಕಾಣಲು ತಿಂಗಳುಗಳು ಬೇಕಾದ ಬಾಣಕ್ಕೆ ಎರಡು ಅಡ್ಡಗೆರೆ, ಪಕ್ಕದಲ್ಲಿ ಅಂದಾಜು ಅವಧಿ. ಸುತ್ತು ಕೂಡಿದಾಗ ಕಳೆಯುವ ಚಿಹ್ನೆಗಳನ್ನು ಎಣಿಸಿ: ಸಮಸಂಖ್ಯೆಯಾದರೆ, ಅಥವಾ ಒಂದೂ ಇಲ್ಲದಿದ್ದರೆ, ಅದು ಬೆಳೆಸುವ ಸುತ್ತು, ಬೆಸವಾದರೆ ತಡೆಯುವ ಸುತ್ತು. ಪ್ರತಿ ಬಾಣಕ್ಕೂ ಕೋಣೆಯಲ್ಲಿರುವ ಒಬ್ಬರಾದರೂ ನಿಜವಾಗಿ ನಡೆದ ಒಂದು ನಿದರ್ಶನ ಹೇಳಬೇಕು. ಹೇಳಲಾಗದ ಬಾಣ ಅಳಿಸಿಹೋಗಲಿ, ಎಳೆದವರು ಎಷ್ಟೇ ಹಿರಿಯ ಅಧಿಕಾರಿಯಾಗಿರಲಿ.

ಕೆಡುವುದು ಮುಖ್ಯವಾಗಿ ಎರಡು ಕಡೆ. ಒಂದು, ಎಲ್ಲ ಬಾಣಗಳೂ ಸಮಸ್ಯೆಯ ಕಡೆಗೇ ಹೋಗಿ ಒಂದೂ ವಾಪಸು ಬಾರದಿರುವುದು. ಅದು ಕಾರಣಗಳ ಪಟ್ಟಿ, ನಕ್ಷೆಯಲ್ಲ. ಸುತ್ತು ಸಿಗುವವರೆಗೆ ‘ಸಮಸ್ಯೆ ಹೆಚ್ಚಾದಾಗ ಯಾರು ಏನು ಮಾಡುತ್ತಾರೆ’ ಎಂದು ಕೇಳುತ್ತಲೇ ಇರಬೇಕು. ಇನ್ನೊಂದು, ಯಾವುದನ್ನೂ ಬಿಡಲು ಮನಸ್ಸಾಗದಿರುವುದು. ಬ್ರಿಟನ್ ಸರ್ಕಾರದ ದೂರದೃಷ್ಟಿ ವಿಭಾಗ 2007ರಲ್ಲಿ ಬೊಜ್ಜಿನ ಸಮಸ್ಯೆಗೆ ಮಾಡಿಸಿದ ನಕ್ಷೆಯಲ್ಲಿ 108 ಅಂಶಗಳಿದ್ದವು. ವಿಷಯ ಎಷ್ಟು ಜಟಿಲ ಎಂದು ಒಪ್ಪಿಸಲು ಅದು ಉಪಯುಕ್ತ, ಸೋಮವಾರ ಬೆಳಿಗ್ಗೆ ಏನು ಮಾಡಬೇಕೆಂದು ತೀರ್ಮಾನಿಸಲು ಅಲ್ಲ. ನಿಮ್ಮ ಮೇಜಿಗೆ ಬರುವ ಹಾಳೆಯಲ್ಲಿ 15ಕ್ಕಿಂತ ಹೆಚ್ಚು ಚೀಟಿ ಇದ್ದರೆ ವಾಪಸು ಕಳಿಸಿ.

ನಕ್ಷೆಯ ಎಲ್ಲೆ ಯಾವುದು ಎಂಬುದು ತಾಂತ್ರಿಕ ಪ್ರಶ್ನೆಯಂತೆ ಕಾಣುತ್ತದೆ, ಆದರೆ ರಾಜಕೀಯವೆಲ್ಲ ಇರುವುದು ಅಲ್ಲೇ. ಫಾರೆಸ್ಟರ್ ಅವರು ಬಾಸ್ಟನ್ನಿನ ಮಾಜಿ ಮೇಯರ್ ಜಾನ್ ಕಾಲಿನ್ಸ್ ಅವರೊಡನೆ ಚರ್ಚಿಸಿ ನಗರಗಳ ಒಂದು ಕಂಪ್ಯೂಟರ್ ಮಾದರಿ ಕಟ್ಟಿ 1969ರಲ್ಲಿ ಪ್ರಕಟಿಸಿದರು. ಕಡಿಮೆ ಬಾಡಿಗೆಯ ಮನೆಗಳನ್ನು ಹೆಚ್ಚಿಸಿದರೆ ನಗರದ ಬಡತನ ಇನ್ನಷ್ಟು ಹೆಚ್ಚುತ್ತದೆ ಎಂಬುದು ಅದರ ಒಂದು ತೀರ್ಮಾನ. ಟೀಕಾಕಾರರು ತೋರಿಸಿದ ಕೊರತೆ ಹೀಗಿತ್ತು: ಮಾದರಿಯಲ್ಲಿ ನಗರದ ಸುತ್ತಲಿನ ಉಪನಗರಗಳು ಇರಲಿಲ್ಲ. ನಗರದಿಂದ ಹೊರಹೋದವರು ಎಲ್ಲೆಯಾಚೆಗೆ ಹೋಗಿ ಲೆಕ್ಕದಿಂದಲೇ ಮರೆಯಾಗುತ್ತಿದ್ದರು. ಬಡವರು ಗಡಿಯಾಚೆಗೆ ಸರಿದರೆ ಗಡಿಯೊಳಗಿನ ಸರಾಸರಿ ಸುಧಾರಿಸಿದಂತೆ ಕಾಣುವುದು ಸಹಜ. ಆದ್ದರಿಂದ ಹಾಳೆಯ ಅಂಚಿನಲ್ಲಿ, ಗೆರೆಯ ಹೊರಗೆ ಯಾರನ್ನು ಬಿಟ್ಟಿದ್ದೇವೆ, ಯಾವ ಹೊರೆ ಅವರ ಮೇಲೆ ಬೀಳಬಹುದು ಎಂಬ ಒಂದು ಸಾಲು ಇರಲೇಬೇಕು. ಈ ವಿಧಾನ ಸ್ವತಃ ತಟಸ್ಥವಲ್ಲ.

ಎಲ್ಲಕ್ಕೂ ಇದು ಬೇಕೆಂದೂ ಹೇಳುತ್ತಿಲ್ಲ. ಲಸಿಕೆಯ ಶೀತಲಪೆಟ್ಟಿಗೆ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡಿಸಿ, ನಕ್ಷೆ ಬರೆಯುತ್ತಾ ಕೂರಬೇಡಿ. ಅದೇ ಪೆಟ್ಟಿಗೆ ಅದೇ ಕೇಂದ್ರದಲ್ಲಿ ಮೂರನೇ ಸಲ ಕೆಟ್ಟರೆ ಆಗ ಕೂತು ಬರೆಯಿರಿ.

ನಿಮ್ಮಿಂದ ಆಗಬೇಕಾದ ಆಡಳಿತಾತ್ಮಕ ಬದಲಾವಣೆಗಳು ಹೆಚ್ಚಿಲ್ಲ. ಹಾಳೆ ಪ್ರಸ್ತಾವನೆಯ ಕಡ್ಡಾಯ ಅನುಬಂಧವಾಗಲಿ. ಅದನ್ನು ಯೋಜನೆ ಜಾರಿ ಮಾಡುವ ಸಿಬ್ಬಂದಿಯೇ ತಯಾರಿಸಲಿ. ಸಲಹಾ ಸಂಸ್ಥೆಗೆ ಹೊರಗುತ್ತಿಗೆ ಕೊಟ್ಟರೆ ಸುಂದರವಾದ ಚಿತ್ರ ಬರುತ್ತದೆ, ತಿಳಿವಳಿಕೆ ಅವರೊಂದಿಗೇ ಹೊರಟುಹೋಗುತ್ತದೆ. ಗುರಿಯ ಸೂಚ್ಯಂಕದ ಜೊತೆಗೆ ಅದನ್ನು ಮೋಸದಿಂದ ಮುಟ್ಟಿದಾಗ ಕೆಡುವಂಥ ಇನ್ನೊಂದು ಸೂಚ್ಯಂಕವನ್ನೂ ಅಳೆಯಿರಿ: ಬಿಡುಗಡೆ ಬೇಗ ಮಾಡುತ್ತಿದ್ದರೆ ಏಳು ದಿನದೊಳಗೆ ಮರುದಾಖಲಾದವರು, ದಾಖಲಾತಿ ಹೆಚ್ಚಿಸುತ್ತಿದ್ದರೆ ಮುನ್ಸೂಚನೆಯಿಲ್ಲದ ದಿನದ ತಲೆಯೆಣಿಕೆ. ಪರಿಶೀಲನೆಯ ದಿನಾಂಕವನ್ನು ಆರ್ಥಿಕ ವರ್ಷದ ಕೊನೆಗೆ ಕಟ್ಟಬೇಡಿ, ನಕ್ಷೆಯಲ್ಲಿ ಬರೆದ ವಿಳಂಬಕ್ಕೆ ಕಟ್ಟಿ. ಹದಿನೆಂಟು ತಿಂಗಳಿಗೆ ಫಲ ಕಾಣುವ ಕೆಲಸವನ್ನು ಒಂಬತ್ತನೇ ತಿಂಗಳಲ್ಲಿ ವಿಫಲ ಎಂದು ನಿಲ್ಲಿಸುವುದೂ, ಮೂರನೇ ತಿಂಗಳ ಅಂಕಿ ತೋರಿಸಿ ಯಶಸ್ಸು ಎಂದು ಎಲ್ಲೆಡೆ ವಿಸ್ತರಿಸುವುದೂ ಒಂದೇ ಬಗೆಯ ತಪ್ಪು. ಒಟ್ಟು ಮೊತ್ತದಲ್ಲಿ ಶೇ 10ರಷ್ಟನ್ನು ಯಾವ ಬಾಬ್ತಿಗೂ ಹಂಚದೆ ಬಿಡಿ. ಪರಿಶೀಲನೆಯಲ್ಲಿ ಬಾಣವೊಂದು ತಪ್ಪೆಂದು ಗೊತ್ತಾದಾಗ ಹೊಸ ಮಂಜೂರಾತಿಗೆ ಕಾಯದೆ ನಿಯಮ ಬದಲಿಸಲು ಆ ಹಣ ಇರುತ್ತದೆ. ಶೇ 10 ಎಂಬುದು ನಮ್ಮ ಸಲಹೆ, ಶಾಸ್ತ್ರವಲ್ಲ. ತಿದ್ದಿದ ನಕ್ಷೆಯನ್ನು ಕಡತಕ್ಕೆ ಸೇರಿಸುವಾಗ ಹಳೆಯದನ್ನು ತೆಗೆಯಬೇಡಿ. ಹಿಂದಿನವರು ಯಾವ ಬಾಣವನ್ನು ನಂಬಿದ್ದರು, ಅದೆಲ್ಲಿ ತಪ್ಪಿತು ಎಂಬುದು ಮುಂದೆ ಆ ಕುರ್ಚಿಗೆ ಬರುವವರಿಗೆ ಬೇಕಾಗುತ್ತದೆ.

ಹೊಸ ಯೋಜನೆಗೆ ಕಾಯಬೇಕಾಗಿಯೂ ಇಲ್ಲ. ಈಗ ಮೂರನೇ ಬಾರಿ ಅವಧಿ ವಿಸ್ತರಣೆ ಕೇಳಿ ಬಂದಿರುವ ಕಡತವೊಂದು ನಿಮ್ಮಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಟಿಪ್ಪಣಿ ಬರೆಯುವ ಮೊದಲು ಅದರ ಕೆಳಹಂತದ ಎಂಟು ಜನರನ್ನು ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿ, ಮೊದಲ ಒಂದು ಗಂಟೆ ಇಪ್ಪತ್ತು ವರ್ಷದ ರೇಖೆ ಎಳೆಯಲು ಮಾತ್ರ ಬಿಡಿ.

ಇಂತಿ,
ಸಾರ್ವಜನಿಕ ಯೋಜನೆಗಳ ವಿನ್ಯಾಸ ಮತ್ತು ಮೌಲ್ಯಮಾಪನದಲ್ಲಿ ತೊಡಗಿರುವ ಕೆಲವರು